ಮುಡಿಪಿನೊಳಗಿನ ಸಿಂಹದ ನೋಟು

ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಕಾರವಾರದ ಸರಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನು ನಾನು. ಸಾಹೇಬರು ಒಳಗಿನ ಕೋಣೆಯಲ್ಲಿ ಕೆಮ್ಮಿದರೆ ಹೊರಗೆ ನಾನು ಎದ್ದು ನಿಲ್ಲುತ್ತಿದ್ದೆ. ಅಂಥವನು ಜನ್ಮದಲ್ಲಿ ಒಂದೇ ಒಂದು ಕಳ್ಳತನ ಮಾಡಿದೆ, ಅದೂ ದೇವರ ಗೂಡಿಗೇ ಕೈ ಹಾಕಿ.

ಕಾರಣ ನನ್ನ ಹುಚ್ಚು. ನಾನು ಒಂದು ರೂಪಾಯಿಯ ಹಳೆಯ ನೋಟುಗಳನ್ನು ಕೂಡಿಡುತ್ತೇನೆ. ಬೇರೆ ಯಾವ ನೋಟೂ ನನಗೆ ಬೇಡ. ಎರಡು ರೂಪಾಯಿಯಿಂದ ಮೇಲಿನದೆಲ್ಲ ರಿಸರ್ವ್ ಬ್ಯಾಂಕಿನ ನೋಟು. ಒಂದು ರೂಪಾಯಿಯದು ಮಾತ್ರ ಖುದ್ದು ಭಾರತ ಸರಕಾರದ್ದು. ಅದರ ಮೇಲೆ ಹಣಕಾಸು ಕಾರ್ಯದರ್ಶಿಯ ರುಜು ಇರುತ್ತದೆ. ದೊಡ್ಡ ನೋಟುಗಳ ಮೇಲಿರುವ ‘ಇಷ್ಟು ಹಣ ಕೊಡುತ್ತೇನೆ’ ಎಂಬ ವಚನ ಇದರ ಮೇಲೆ ಇರುವುದಿಲ್ಲ. ಸರಕಾರಿ ನೌಕರನಾದ ನನಗೆ ಇದು ನಮ್ಮ ಮನೆಯದೇ ನೋಟು ಅನ್ನಿಸುತ್ತಿತ್ತು. ಕಡಲಗಾಳಿಗೆ ಬೂಸು ಹಿಡಿಯದಿರಲಿ ಎಂದು ಔಷಧದ ಬಾಟಲಿಯೊಳಗೆ ಬರುವ ತೇವ ಹೀರುವ ಪೊಟ್ಟಣಗಳನ್ನೆಲ್ಲ ಆಲ್ಬಮ್ಮಿನ ಪೆಟ್ಟಿಗೆಗೆ ಹಾಕುತ್ತಿದ್ದೆ. ಹೆಂಡತಿಯ ಬಿ.ಪಿ. ಮಾತ್ರೆಗಿಂತ ಆ ಪೊಟ್ಟಣಕ್ಕೇ ನಾನು ಹೆಚ್ಚು ಕಾಯುತ್ತೇನೆಂದು ಅವಳ ದೂರು.

ಸ್ವಾತಂತ್ರ್ಯ ಬಂದ ಮೇಲೆ ಅರಸನ ತಲೆ ತೆಗೆದು, ಆ ಜಾಗದಲ್ಲಿ ಸಿಂಹಗಳನ್ನು ಕೂರಿಸಿ ಅಚ್ಚು ಹಾಕಿಸಿದ ಮೊದಲನೆಯ ನೋಟು ಮಾತ್ರ ನನ್ನಲ್ಲಿರಲಿಲ್ಲ. ಆಲ್ಬಮ್ಮಿನ ಮೊದಲ ಪುಟದ ಮೊದಲ ಜೇಬು ಹನ್ನೆರಡು ವರ್ಷ ಖಾಲಿ ಬಿದ್ದಿತ್ತು. ದುಡ್ಡು ಕೊಟ್ಟರೆ ಸಿಗುತ್ತಿತ್ತು, ಆದರೆ ನಕಲಿ ಬಂದರೆ ಏನು ಮಾಡುವುದು ಎಂಬ ಹೆದರಿಕೆ. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ ನನ್ನ ಗೆಳೆಯನೊಬ್ಬನಿಗೂ ಇದೇ ಹುಚ್ಚು. ಅವನು, ನೀನು ಹೀಗೇ ಹೆದರುತ್ತಾ ಸಾಯುತ್ತೀ ಎಂದು ನಗುತ್ತಿದ್ದ.

ಆ ವರ್ಷ ಚೌತಿಗೆ ಎಂಟು ದಿನ ಇರುವಾಗ ಅಂಕೋಲೆಯ ದೊಡ್ಡಮ್ಮನ ಮನೆಗೆ ಹೋದೆ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳು. ಎಂಬತ್ತೈದು ದಾಟಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗ ಸೊಸೆ ಗದ್ದೆಗೆ ಹೋಗಿದ್ದರು. ದೇವರ ಗೂಡು ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

“ತಮಾ, ಆ ಡಬ್ಬಿ ಒಂಚೂರು ಕೆಳಗೆ ಇಳ್ಸು. ಮೇಲಿಂದ ಒರ್ಸಿದ್ರೆ ಸಾಕು, ಬಿಚ್ಚೂಕೆ ಹೋಗ್ಬೇಡ” ಎಂದು ಹೇಳಿ ಅವಳು ಗೋಡೆ ಹಿಡಿದುಕೊಂಡು ಚಾ ಮಾಡಲು ಹೋದಳು.

ಡಬ್ಬಿಯಲ್ಲಿದ್ದದ್ದು ಮುಡಿಪು. ಮನೆಯಲ್ಲಿ ಯಾರಿಗಾದರೂ ಜೀವದ ಮೇಲೆ ಬಂದರೆ, ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಮಂಜಗುಣಿಯ ವೆಂಕಟರಮಣನ ಹೆಸರಿನಲ್ಲಿ ಇಡುತ್ತಾರೆ. ಜೀವ ಉಳಿದ ಮೇಲೆ ಅದನ್ನು ಗುಡಿಗೆ ಮುಟ್ಟಿಸಬೇಕು. ಅಲ್ಲಿಯವರೆಗೆ ಕಟ್ಟಿದವರ ಹೊರತು ಯಾರೂ ಗಂಟು ಬಿಚ್ಚುವಂತಿಲ್ಲ. ಇಳಿಸುವಾಗ ಡಬ್ಬಿಯ ಮುಚ್ಚಳ ಸರಿಯಿತು. ಒಳಗಿನ ಗಂಟಿನ ಬಟ್ಟೆ ಸವೆದು ಒಂದು ಕಡೆ ಬಾಯಿಬಿಟ್ಟಿತ್ತು. ಅಲ್ಲಿಂದ ಸಿಂಹಗಳು ನನ್ನನ್ನೇ ನೋಡುತ್ತಿದ್ದವು.

ಬಿಚ್ಚಿದೆ. ಅದೇ ನೋಟು. ಒಂದು ಮಡಿಕೆ ಬಿಟ್ಟರೆ ಹೊಸದರಂತೇ ಇತ್ತು. ಒಳಗೆ ಚಾ ಪಾತ್ರೆಯ ಸದ್ದು ಕೇಳುತ್ತಿತ್ತು. ಪಾಕೀಟಿನಲ್ಲಿ ಸರಕಾರ ಈಚೆಗೆ ಮತ್ತೆ ಅಚ್ಚು ಹಾಕಿಸಿದ ಗುಲಾಬಿ ಬಣ್ಣದ ಒಂದು ರೂಪಾಯಿ ನೋಟಿತ್ತು. ಅದನ್ನು ಒಳಗಿಟ್ಟು ಗಂಟು ಬಿಗಿದೆ. ಸರಕಾರದ ನೋಟಿಗೆ ಸರಕಾರದ್ದೇ ನೋಟು, ದೇವರಿಗೆ ನಷ್ಟವೇನು ಎಂದು ನನಗೆ ನಾನೇ ಹೇಳಿಕೊಂಡೆ. ಕಚೇರಿಯಲ್ಲಿ ಇಂಥ ಟಿಪ್ಪಣಿ ಬರೆದು ಅಭ್ಯಾಸವಿತ್ತು.

ಅಂದು ಬಸ್ಸಿನಲ್ಲಿ ಕಾರವಾರಕ್ಕೆ ಮರಳುವಾಗ ಅಂಗಿಯ ಜೇಬಿನ ಮೇಲಿಟ್ಟ ಕೈ ತೆಗೆಯಲಿಲ್ಲ. ತೋಡೂರಿನಲ್ಲಿ ಪೊಲೀಸನೊಬ್ಬ ಹತ್ತಿದ. ಅವನು ಟಿಕೆಟ್ ತೆಗೆದು ನಿದ್ದೆ ಹೋದ. ನಾನು ಬೆವರಿ ತೊಪ್ಪೆಯಾದೆ. ಮಲ್ಲಾಪುರದ ಗೆಳೆಯ ಭೂತಗನ್ನಡಿ ಹಿಡಿದು ನೋಡಿ, “ಅಸಲಿ. ಯಾರ ಮನೆಯದು?” ಎಂದ. “ಗುಜರಿಯವನ ಹತ್ರ ಸಿಕ್ತು” ಎಂದೆ. ಸುಳ್ಳಿನ ಮೇಲೆ ಸುಳ್ಳು. ಮೊದಲ ಜೇಬು ತುಂಬಿತು, ಆದರೆ ಆಲ್ಬಮ್ ತೆರೆಯಲು ಧೈರ್ಯವಾಗಲಿಲ್ಲ. ಒಂದು ದಿನ ಬಿಣಗಾ ಘಾಟಿಯಲ್ಲಿ ನನ್ನ ಸ್ಕೂಟರ್ ಜಾರಿತು, ಮೊಣಕೈ ತರಚಿದ್ದಷ್ಟೇ. ದೇವರನ್ನು ಅಷ್ಟಾಗಿ ನಂಬದ ನಾನು ಅಂದು ರಾತ್ರಿ ಊಟ ಬಿಟ್ಟೆ.

ನಿಜವಾದ ಹೆದರಿಕೆ ಶುರುವಾದದ್ದು ದೊಡ್ಡಮ್ಮನ ಫೋನಿನಿಂದ. “ತಮಾ, ಕಣ್ಣಿನ ಆಪರೇಶನ್ನಿಗೆ ಯಾವಾಗ ಹೋಗ್ವ? ಅನ್ನದಾಗಿನ ಕಲ್ಲೂ ಕಾಣೂದಿಲ್ಲ.” ಆ ಮನೆಯವರ ಕಾರವಾರದ ಕೆಲಸವೆಲ್ಲ ನನ್ನದೇ ಜವಾಬ್ದಾರಿ. ಕಣ್ಣು ಕಾಣುವಂತಾದರೆ ಅವಳು ಮೊದಲು ನೋಡುವುದು ದೇವರ ಗೂಡನ್ನೇ. ಮಳೆ ಮುಗಿಯಲಿ ಅಂದೆ. ಮುಗಿಯಿತು. ಶುಗರ್ ಇಳಿಯಲಿ ಅಂದೆ. ಇಳಿಯಿತು. ಡಾಕ್ಟರು ರಜೆಯಲ್ಲಿದ್ದಾರೆ ಅಂದೆ. ಹೀಗೆ ನಾಲ್ಕು ತಿಂಗಳು ಸಾಕಿದವಳನ್ನು ಕುರುಡಿಯಾಗಿಟ್ಟೆ. ನೋಟು ಕದ್ದದ್ದಕ್ಕಿಂತ ಇದನ್ನು ಬರೆಯುವಾಗ ಹೆಚ್ಚು ನಾಚಿಕೆಯಾಗುತ್ತದೆ.

ಅವಳು ಕಾಯಲಿಲ್ಲ. ಸೊಸೆಯ ಜೊತೆ ಯಾವುದೋ ಶಿಬಿರದ ವ್ಯಾನು ಹತ್ತಿ ಹೋಗಿ ಕಣ್ಣು ಮಾಡಿಸಿಕೊಂಡು ಬಂದೇಬಿಟ್ಟಳು. “ಎಲ್ಲಾ ಕಾಣ್ತದೆ ತಮಾ. ನೀ ಬಾ, ನಿನ್ನ ಮುಖ ನೋಡ್ಬೇಕು” ಎಂದು ಫೋನಿನಲ್ಲಿ ಹೇಳಿದಳು.

ನೋಟನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಅವಳು ಆಚೀಚೆ ಹೋದಾಗ ಗುಟ್ಟಾಗಿ ವಾಪಸ್ಸು ಇಡುವ ಯೋಚನೆ. ಕಪ್ಪು ಕನ್ನಡಕ ಹಾಕಿಕೊಂಡು ಚಾಪೆಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ಡಬ್ಬಿ. ಗುಲಾಬಿ ನೋಟು ಪಕ್ಕದಲ್ಲಿ ಬಿದ್ದಿತ್ತು.

“ಇದು ನಾ ಕಟ್ಟಿದ್ದಲ್ಲ” ಎಂದಳು.

ನಾನು ಜೇಬಿನಿಂದ ನೋಟು ತೆಗೆದು ಅವಳ ಮುಂದಿಟ್ಟೆ. ಬೈಯುತ್ತಾಳೆ, ಮಗ ಸೊಸೆಯನ್ನು ಕರೆದು ಹೇಳುತ್ತಾಳೆ, ಇನ್ನು ಈ ಹೊಸ್ತಿಲು ತುಳಿಯಲು ಬಿಡುವುದಿಲ್ಲ ಎಂದು ತಲೆ ತಗ್ಗಿಸಿ ಕೂತೆ.

“ಯಾವಾಗ ತೆಗ್ದೆ?”

“ಚೌತಿಗಿಂತ ಮೊದ್ಲು.”

ಅವಳು ಬೆರಳು ಮಡಿಸಿ ಎಣಿಸಿದಳು. “ಅಯ್ಯೋ ದೇವ್ರೇ! ನಾಕು ತಿಂಗ್ಳು! ಸ್ಕೂಟರ್ ಮೇಲೂ ತಿರ್‍ಗಿದ್ಯಾ?”

ನನಗೆ ಅರ್ಥವಾಗಲಿಲ್ಲ.

“ಇದು ನಿಂದೇ ಮುಡಿಪು ಮಾರಾಯಾ. ಐದು ವರ್ಷದವ ಇದ್ದೆ. ಹನ್ನೊಂದು ದಿವ್ಸ ಜ್ವರ ಬಿಡ್ಲಿಲ್ಲ. ಮದುವೆ ದಿವ್ಸ ಅಪ್ಪ ನನ್ನ ಕೈಗೆ ಈ ನೋಟು ಇಟ್ಟಿದ್ದ, ರಾಜನ ತಲೆ ಇಲ್ದ ಹೊಸ ನೋಟು ಹೇಳಿ. ನಂದು ಹೇಳೂಕೆ ಇದ್ದದ್ದು ಅದೊಂದೇ. ಅದನ್ನೇ ಕಟ್ದೆ.”

“ಮತ್ತೆ ಇಷ್ಟು ವರ್ಷ ಎಂತಕ್ಕೆ ಮುಟ್ಟಿಸ್ಲಿಲ್ಲ?”

“ಹೆದ್ರಿಕೆ” ಎಂದಳು. “ಮಂಜಗುಣಿಗೆ ಹೋಗೂಕೆ ನಾಕು ಸಲ ಹೊರಟಿದ್ದೆ. ಕೊಟ್ಬಿಟ್ರೆ ದೇವ್ರಿಗೆ ನಿನ್ನ ನೆನಪು ಎಂತಕ್ಕೆ ಇರ್ತದೆ? ಬಾಕಿ ಇದ್ರೆ, ತಗೊಳ್ಳೂವರೆಗೆ ನಿನ್ನ ಕಾಯ್ಲೇಬೇಕಲ್ಲ ಅವ.”

ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇವಳು ಹೀಗೆ ಹೆದರಿದ್ದಳು. ಸಿಕ್ಕಿಬಿದ್ದರೆ ಮಾನ ಹೋದೀತೆಂಬುದು ನನ್ನ ನಾಲ್ಕು ತಿಂಗಳ ಹೆದರಿಕೆ. ಅದು ಎಷ್ಟು ಕ್ಷುಲ್ಲಕವೆಂದು ಆ ಚಾಪೆಯ ಮೇಲೆ ಕೂತಾಗ ತಿಳಿಯಿತು. ನಾನು ಅತ್ತೆ. ಅವಳು ನನ್ನ ಮೊಣಕೈಯ ಕಲೆ ಕಂಡು, ಇದೆಂತದು, ಯಾವಾಗ ಬಿದ್ದೆ ಎಂದು ಮತ್ತೆ ಮತ್ತೆ ಕೇಳಿದಳು.

ಹೊಸ ಬಟ್ಟೆಗೆ ಅರಿಶಿನ ಹಚ್ಚಿ ಅವಳೇ ನೋಟನ್ನು ಕಟ್ಟಿದಳು. ಗಂಟಿನ ಮೇಲೆ ಗಂಟು, ಮೂರು ಗಂಟು ಹಾಕಿದಳು. ಈಗಲೇ ಕಾರು ಮಾಡಿಕೊಂಡು ಗುಡಿಗೆ ಹೋಗೋಣವೆಂದು ಹೇಳಿ ನೋಡಿದೆ. ತಲೆ ಅಲ್ಲಾಡಿಸಿದಳು. “ನಾ ಇರೂವರೆಗೆ ಇದು ಇಲ್ಲೇ ಇರ್ಲಿ. ನಾ ಹೋದ ಮೇಲೆ ನೀನೇ ತಗೊಂಡು ಹೋಗಿ ಮುಟ್ಸು.”

ಮೊದಲ ಪುಟದ ಜೇಬು ಮತ್ತೆ ಖಾಲಿಯಾಗಿದೆ. ಹನ್ನೆರಡು ವರ್ಷ ಆ ನೋಟು ಕೈಗೆ ಬರಲಿ ಎಂದು ಕಾದವನು ನಾನು. ಈಗ ಹೊತ್ತಲ್ಲದ ಹೊತ್ತಿನಲ್ಲಿ ಅಂಕೋಲೆಯಿಂದ ಫೋನು ಬಂದರೆ ಎತ್ತಲು ಕೈ ಬರುವುದಿಲ್ಲ. ಹೆಂಡತಿಯೇ ಎತ್ತಿ ಮೊದಲು ನನಗೆ, “ದೊಡ್ಡಮ್ಮನೇ ಮಾತಾಡ್ತಿದ್ದಾರೆ, ತಗೊಳ್ಳಿ” ಎನ್ನುತ್ತಾಳೆ. ಆಮೇಲೆ ತೆಗೆದುಕೊಳ್ಳುತ್ತೇನೆ.