ಅವ್ವನಿಗೆ ಉಳಿಯುವ ಮೀನು

ತೇಜಸ್ ಅಡುಗೆ ಮಾಡುತ್ತಾನೆ ಎಂದರೆ ಕುಶಾಲನಗರದ ಕಾಗೆಗಳೂ ನಗುತ್ತಿದ್ದವು. ಕಾಫಿ ಕ್ಯೂರಿಂಗ್ ವರ್ಕ್ಸಿನ ಪಿಕಪ್ ಓಡಿಸುವುದು ಅವನ ಕೆಲಸ. ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಅಂಗೈ ತೂರಿಸುವುದೂ ಕಷ್ಟ. ಆ ಹೊಟ್ಟೆ ಅವನ ತಾಯಿ ರಾಮಮ್ಮನ ಮೀನು ಫ್ರೈ ಕಟ್ಟಿಸಿದ ಕಟ್ಟಡ. ಅಂಥವನು ಅವ್ವನಿಗೆ ಪಥ್ಯ ಹೇಳಲು ಹೊರಟದ್ದು, ಬೀಡಿ ಸೇದುವವನು ಊದುಬತ್ತಿ ಹೊಗೆಗೆ ಮೂಗು ಮುಚ್ಚಿಕೊಂಡ ಹಾಗಿತ್ತು.

ಹೊರಡದೆ ವಿಧಿಯಿರಲಿಲ್ಲ. ಗದ್ದೆಯಲ್ಲಿ ಪೈರು ಕೀಳುವಾಗ ರಾಮಮ್ಮನಿಗೆ ಎದೆ ಹಿಡಿದುಕೊಂಡಿತ್ತು. "ರಾತ್ರಿ ಊಟ ಹಗುರ ಇರಲಿ, ಎಣ್ಣೆ ಮುಟ್ಟಬೇಡಿ. ರಕ್ತದ ಕೊಬ್ಬು ಇಳಿಯದಿದ್ದರೆ ಮೈಸೂರಿಗೆ ಹೋಗಿ ಆಪರೇಷನ್ನೇ ಗತಿ" ಎಂದಿದ್ದರು ಡಾಕ್ಟರು. ರಾಮಮ್ಮನ ಅಕ್ಕ ಆಪರೇಷನ್ನಿಗೆಂದು ಒಳಗೆ ಹೋದವಳು ನಡೆದು ಹೊರಗೆ ಬಂದಿರಲಿಲ್ಲ. ಅಂದಿನಿಂದ ಆ ಮಾತು ಬಂದರೇ ರಾಮಮ್ಮ ಎದ್ದು ಹೊರಗೆ ಹೋಗುತ್ತಿದ್ದಳು.

ತೇಜಸ್ ಫೋನಿನಲ್ಲಿ ವಿಡಿಯೋ ನೋಡಿದ. ಅದರಲ್ಲಿ ಓವನ್ ಇತ್ತು, ಮನೆಯಲ್ಲಿ ನೀರೊಲೆ ಇತ್ತು. ಹಾರಂಗಿ ಹಿನ್ನೀರಿನ ಕಾಟ್ಲಾ ಮೀನು ತಂದು, ಬಾಳೆಲೆಯಲ್ಲಿ ಸುತ್ತಿ, ಬಚ್ಚಲ ಕೆಂಡದೊಳಗೆ ಹೂತ. ಹೊರತೆಗೆದಾಗ ಮೀನು ಯಾವುದು, ಇದ್ದಿಲು ಯಾವುದು ಎಂದು ಮುರಿದು ನೋಡಬೇಕಾಯಿತು.

"ಇದ್ನ ತಿನ್ಸು. ಮೈಸೂರಿಗೆ ಹೋಗೋದೇ ಬ್ಯಾಡ, ಸೀದಾ ಮ್ಯಾಕೆ" ಎಂದ ಅಪ್ಪ ಸಣ್ಣಸ್ವಾಮಿ.

ಮರುದಿನ ತೇಜಸ್ ಶುಂಠಿ ಹೊಲದ ಬದುವಿನಿಂದ ಹೊನಗೊನೆ ಸೊಪ್ಪು ಕಿತ್ತು ತಂದ. ರಾಮಮ್ಮ ಮೂಸಿ ನೋಡಿ ತಿಪ್ಪೆಗೆ ಎಸೆದಳು.

"ಶುಂಠಿಗೆ ಹೊಡ್ದ ಔಸ್ದಿ ವಾಸ್ನೆ ಇನ್ನೂ ಐತೆ. ಹಿತ್ಲಲ್ಲಿರೋ ದಂಟು, ಸಬ್ಸಿಗೆ ಕಣ್ಣಿಗ್ ಕಾಣ್ಲಿಲ್ವೇನ್ಲಾ?"

ತೇಜಸ್ ಹಟ ಬಿಡಲಿಲ್ಲ. ಕೆಂಡದ ಮೇಲೆ ಬೂದಿ ಎಳೆದು ಕಾವು ಹದಮಾಡುವುದನ್ನು ಕಲಿತ. ಸೊಪ್ಪಿನ ಹಾಸಿಗೆ, ಮೇಲೆ ಮೀನು, ಬೆಳ್ಳುಳ್ಳಿ, ಕಾಳುಮೆಣಸು, ಹುಳಿಗೆ ನಾಲ್ಕು ತೊಟ್ಟು ಕಾಚಂಪುಳಿ. ಎರಡು ಪದರ ಬಾಳೆಲೆ. ರಾಮಮ್ಮ ತಿಂದು "ಪರ್ವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ಚಿನ್ನದ ಪದಕ. ಅಂದಿನಿಂದ ಅವಳಿಗೆ ಎಲೆಯ ಮೀನು, ಅಪ್ಪನಿಗೂ ತೇಜಸ್‌ಗೂ ಎಂದಿನ ಫ್ರೈ. ಪಥ್ಯದ ಉಸ್ತುವಾರಿ ನೋಡುವವನಿಗೂ ಶಕ್ತಿ ಬೇಡವೇ?

ಕೆಲವು ವಾರಗಳ ಮೇಲೆ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಕೊಬ್ಬು ಕದಲಿರಲಿಲ್ಲ. "ಇನ್ನೊಂದು ಸಲ ನೋಡೋಣ. ಆಮೇಲೆ ಮೈಸೂರು" ಎಂದರು ಡಾಕ್ಟರು. ತೇಜಸ್ ಮೊದಲು ಡಾಕ್ಟರು ಕೊಟ್ಟಿದ್ದ ಮಾತ್ರೆಯ ಮೇಲೆ ಅನುಮಾನಪಟ್ಟ, ಆಮೇಲೆ ಕಾಟ್ಲಾದ ಮೇಲೆ. ಆ ಸಂಜೆ ಊಟ ಮುಗಿಸಿ ನೀರಿಗೆಂದು ಅಡುಗೆಮನೆಗೆ ಹೋದರೆ, ರಾಮಮ್ಮ ಫ್ರೈ ಮಾಡಿದ ಬಾಣಲೆಗೆ ಅನ್ನ ಸುರಿದು, ತಳದ ಎಣ್ಣೆ, ಮಸಾಲೆ, ಮುರಿದ ಚೂರು ಎಲ್ಲವನ್ನೂ ಒರೆಸಿ ಒರೆಸಿ ತಿನ್ನುತ್ತಿದ್ದಳು.

"ಅವ್ವಾ!"

"ಯಾಕ್ಲಾ ಹಾವ್ ಕಂಡಂಗೆ ಕಿರುಚ್ತೀಯ? ಎಲ್ರುದೂ ಉಂಡಾಯ್ತು. ಉಳ್ದಿದ್ದ ಚೆಲ್ಲಕಾಯ್ತದಾ?"

"ನಿಂಗೇ ಅಂತ ಬೇರೆ ಮಾಡ್ಕೊಟ್ಟಿದ್ನಲ್ಲ!"

"ಅದು ನನ್ ಊಟ. ಇದು ಮನೆ ಪಾತ್ರೆ."

ಮದುವೆಯಾಗಿ ಬಂದಾಗಿನಿಂದ ಕೊನೆಗೆ ಉಂಡು, ಪಾತ್ರೆಯಲ್ಲಿ ಉಳಿದದ್ದನ್ನು ಬಳಿದು ತಿಂದವಳು. ಅದು ತಿನ್ನುವುದೆಂದೇ ಅವಳಿಗೆ ಅನ್ನಿಸಿರಲಿಲ್ಲ. ಪಾತ್ರೆ ತೊಳೆಯುವುದರಲ್ಲೇ ಅದೂ ಒಂದು ಭಾಗ. ತೇಜಸ್ ಬೈದ, ಬೇಡಿದ. ಜೊತೆಯಲ್ಲೇ ಕೂರಿಸಿ ಉಣ್ಣಿಸಿದರೆ, ಎಲ್ಲರೂ ಎದ್ದ ಮೇಲೆ ಮತ್ತೆ ಬಾಣಲೆಯ ಮುಂದೆ ಕೂತಳು.

ಅವಳನ್ನು ಬದಲಾಯಿಸಲು ಆಗುವುದಿಲ್ಲ. ಉಳಿಯುವುದನ್ನಾದರೂ ಬದಲಾಯಿಸಬಹುದು. ತೇಜಸ್ ಬಾಣಲೆ ಉಜ್ಜಿ ಅಟ್ಟಕ್ಕೆ ಹಾಕಿದ, ತನ್ನ ಕರುಳನ್ನೇ ಅಟ್ಟಕ್ಕೆ ಹಾಕಿದಷ್ಟು ಸಂಕಟದಿಂದ.

"ನನ್ ಎದೆ ಗಟ್ಟಿಗೈತೆ ಕಣ್ಲಾ. ನಂಗ್ಯಾಕೆ ಈ ಸೊಪ್ಪು ಸದೆ?" ಸಣ್ಣಸ್ವಾಮಿ ಎಗರಾಡಿದ.

"ಅಪ್ಪೋ, ನೀನು ನಾನು ಉಂಡು ಉಳ್ಸಿದ್ದೇ ಅವ್ವನ ಎದೆಗೆ ಹೋಗಿ ಕೂತಿರೋದು."

ಸಣ್ಣಸ್ವಾಮಿ ಅಟ್ಟದ ಕಡೆ ಒಮ್ಮೆ ನೋಡಿ ಹೊರಗೆ ಹೋದ.

ಮರುದಿನ ಇಡೀ ಮನೆಗೆ ಒಂದೇ ದೊಡ್ಡ ಕಾಟ್ಲಾ, ಒಂದೇ ಎಲೆ. ತೇಜಸ್‌ನ ಹೊಟ್ಟೆ ಫ್ರೈ ಕೇಳಿ ಗಲಾಟೆ ಮಾಡಿತು, ಗದರಿಸಿ ಕೂರಿಸಿದ. ಮೀನಿನ ಬೆನ್ನಿನ ದಪ್ಪ ತುಂಡಿನ ಕಡೆ ಹೋದ ಕೈಯನ್ನು ಸಣ್ಣಸ್ವಾಮಿ ತಾನೇ ಹಿಂದಕ್ಕೆಳೆದುಕೊಂಡ. ಇಬ್ಬರೂ ಎದ್ದರು.

ರಾಮಮ್ಮ ಬಂದು ಎಲೆ ನೋಡಿದಳು. "ಯಾಕೆ, ಒಳ್ಳೆ ತುಂಡೇ ಬಿಟ್ಟವ್ರೆ?"

"ಹೊಟ್ಟೆ ತುಂಬ್ತು" ಎಂದ ಸಣ್ಣಸ್ವಾಮಿ, ಜಗಲಿಯ ಕಡೆ ಮುಖ ತಿರುಗಿಸಿ.

ಅವಳು ಎಲೆಯ ಮೇಲೇ ಅನ್ನ ಹಾಕಿಕೊಂಡು, ಸೊಪ್ಪಿನ ರಸವನ್ನೆಲ್ಲ ಬಳಿದು ಉಂಡಳು.

"ನಾಳೆ ಸಬ್ಸಿಗೆ ಸಣ್ಣಕ್ಕೆ ಹೆಚ್ಚು. ದನಕ್ಕೆ ಹಾಕ್ದಂಗೆ ಹಾಕಿದ್ದೀಯ" ಎಂದಳು ತೇಜಸ್‌ಗೆ.