ಚಕ್ರ ಎಷ್ಟು ಹೊರಗಿರಬೇಕು?

ಕೆಲವು ತಿಂಗಳಿಂದ ನನ್ನ ದೃಷ್ಟಿ ತೀರಾ ಕೆಳಮಟ್ಟಕ್ಕೆ ಇಳಿದಿದೆ. ಹಲಸೂರಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಪಕ್ಕದ ವಾಹನದಲ್ಲಿ ಕೂತವರ ಮುಖ ನೋಡುತ್ತಾ, ಯಾರು ಜಗಳವಾಡಿಕೊಂಡು ಹೊರಟಿದ್ದಾರೆ, ಯಾರು ಜಗಳವಾಡಲೆಂದೇ ಹೊರಟಿದ್ದಾರೆ ಎಂದು ಊಹಿಸುತ್ತಿದ್ದವನು, ಈಗ ನೋಡುವುದು ಅವರ ಗಾಡಿಯ ಚಕ್ರಗಳನ್ನು ಮಾತ್ರ. ಕೆಲವು ಚಕ್ರಗಳು ನೆಂಟರ ಮನೆಯಲ್ಲಿ ಸಂಕೋಚದಿಂದ ಕೂತವರ ಹಾಗೆ ಮಡ್‌ಗಾರ್ಡಿನ ಒಳಗೆ ಮುದುಡಿಕೊಂಡಿರುತ್ತವೆ. ಕೆಲವು ಬಸ್ಸಿನ ಕಿಟಕಿಯಿಂದ ಮೊಣಕೈ ಚಾಚಿದವರ ಹಾಗೆ ಹೊರಗೆ ಬಂದಿರುತ್ತವೆ. ಮೊನ್ನೆ ಒಬ್ಬ ಹಳೆಯ ಸಹೋದ್ಯೋಗಿ, ಸಿಗ್ನಲ್ಲಿನಲ್ಲಿ ಕೈಬೀಸಿದರೂ ನಾನು ಗುರುತಿಸಲಿಲ್ಲವೆಂದು ಫೋನಿನಲ್ಲಿ ನೊಂದುಕೊಂಡರು. ಗುರುತಿಸಿರಲಿಲ್ಲ, ನಿಜ. ಆದರೆ ಅವರ ಮುಂದಿನ ಎಡಗಡೆಯ ಟಯರು ಒಳಅಂಚಿನಲ್ಲಿ ಸವೆದಿದೆ ಎಂಬುದನ್ನು ತಿಳಿಸಿ ಸ್ನೇಹವನ್ನು ಉಳಿಸಿಕೊಂಡೆ.

ಈ ವ್ಯಾಧಿಯ ಮೂಲ ನನ್ನ ಸೋದರಮಾವ. ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಮಾಮ ಹಲಸೂರಿನ ಒಂದು ಗಲ್ಲಿಯಲ್ಲಿದ್ದಾರೆ. ನಾನು ಎಂ.ಎ. ಓದುತ್ತಿದ್ದ ಕಾಲದಲ್ಲಿ, ವರ್ಗವಾಗಿ ಹೊರಟಿದ್ದ ಸೇನಾಧಿಕಾರಿಯೊಬ್ಬರಿಂದ ಅವರು ಒಂದು ಸ್ಪೋರ್ಟ್ಸ್ ಕೂಪೆ ಕಾರನ್ನು ಕೊಂಡಿದ್ದರು. ಎರಡೇ ಬಾಗಿಲು, ಇಳಿಜಾರಾದ ಬೆನ್ನು, ಹಿಂದಿನ ಸೀಟು ಎಂದು ಔಪಚಾರಿಕವಾಗಿ ಕರೆಯಬಹುದಾದ ಒಂದು ಏರ್ಪಾಡು. ಆ ಬೀದಿಯಲ್ಲಿ ಸ್ಕೂಟರಿದ್ದವನೇ ಶ್ರೀಮಂತನಾಗಿದ್ದ ದಿನಗಳಲ್ಲಿ ಅದು ರಾಜಠೀವಿಯ ವಸ್ತು. ಆಮೇಲೆ ರಸ್ತೆಯ ಹೊಂಡಗಳು ಅದರ ಮೂಲ ಅಲಾಯ್ ಚಕ್ರಗಳನ್ನು ಒಂದೊಂದಾಗಿ ಬಿರುಕುಬಿಡಿಸಿದವು. ಮಾಮ ಯಾವುದೋ ಸಾಧಾರಣ ಉಕ್ಕಿನ ಚಕ್ರಗಳನ್ನು ಹಾಕಿಸಿದರು. ಕೊನೆಗೆ ಗಾಡಿ ಶೆಡ್ಡಿನಲ್ಲಿ ಟಾರ್ಪಾಲಿನ್ ಹೊದ್ದು ಮಲಗಿತು. ಈ ವರ್ಷ ಮಾಮ ಅದನ್ನು ಕೈಬಿಡಲು ನಿರ್ಧರಿಸಿದರು. ಬಾಣಸವಾಡಿಯ ಒಬ್ಬ ಹಳೆಕಾರುಪ್ರೇಮಿ ಅದಕ್ಕಾಗಿ ಎಡತಾಕುತ್ತಿದ್ದ. ನಾನೂ ಬಾಯಿಬಿಟ್ಟು ಕೇಳಿದೆ.

“ಕೊಡ್ತೀನಿ ಕಣೋ. ಆದ್ರೆ ನಿಂಗೆ ಎಲ್ಲದ್ರಲ್ಲೂ ಅನುಮಾನ. ಅನುಮಾನ ಇರೋರು ಪುಸ್ತಕ ಇಟ್ಕೋಬೇಕು, ಗಾಡಿ ಅಲ್ಲ” ಎಂದರು ಮಾಮ. “ಒಂದ್ ಕೆಲ್ಸ ಮಾಡು. ಆಯುಧಪೂಜೆ ದಿನ ಇದನ್ನ ಮೊದ್ಲು ಹೆಂಗಿತ್ತೋ ಹಂಗೇ ತಂದ್ ನಿಲ್ಸು. ನಾನು, ನಿಮ್ಮತ್ತೆ ಇಬ್ರೂ ಕೂತ್ಕೋತೀವಿ, ಕೆರೆ ಸುತ್ತ ಒಂದು ರೌಂಡ್ ಹೋಗ್ಬರೋಣ. ಹಂಗೇ ಇದೆ ಅನ್ನಿಸಿದ್ರೆ ಕೀ ನಿಂದು. ಇಲ್ಲಾಂದ್ರೆ ಬಾಣಸವಾಡಿಯೋನ್ದು.”

ಎಂಜಿನ್ನು, ಬ್ರೇಕು, ಸೀಟಿನ ಬಟ್ಟೆ ಎಲ್ಲವೂ ಹಳೆಯ ಸ್ಥಿತಿಗೆ ಬಂದವು. ಉಳಿದದ್ದು ಚಕ್ರ. ಮೊದಲು ಹೇಗಿತ್ತೋ ಹಾಗೆ ಎಂದರೆ ಹೇಗಿತ್ತು?

ಜ್ಞಾನಕ್ಕೆ ಪ್ರಮಾಣವೇನು ಎಂಬ ವಿಷಯವನ್ನು ಬದುಕಿಡೀ ಪಾಠ ಮಾಡಿದ ನನಗೆ ಇದಕ್ಕಿಂತ ತಕ್ಕ ಶಿಕ್ಷೆಯಿರಲಿಲ್ಲ. ನನ್ನ ನೆನಪಿನಲ್ಲಿ ಆ ಚಕ್ರಗಳು ಮಡ್‌ಗಾರ್ಡಿನ ಅಂಚಿಗೆ ಸರಿಸಮನಾಗಿ, ಇನ್ನೇನು ಹೊರಗೆ ಬಂದೇಬಿಟ್ಟವು ಎನ್ನುವಷ್ಟು ತುಂಬಿಕೊಂಡು ನಿಂತಿದ್ದವು. ಆದರೆ ಅದೇ ನೆನಪಿನಲ್ಲಿ ಕಾರು ಕೆಂಪಗಿತ್ತು. ಮಾಮನ ಕೆಂಪು ಕಾರಿನ ವೈಭವವನ್ನು ಮದುವೆಯಾದಂದಿನಿಂದ ನಾನು ಹೆಂಡತಿಗೆ ಬಣ್ಣಿಸುತ್ತಲೇ ಬಂದಿದ್ದೆ. ಟಾರ್ಪಾಲಿನ್ ಸರಿಸಿದ ದಿನ ಧಾರವಾಡದ ನನ್ನ ಹೆಂಡತಿ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಕೆಂಪ ಕಾರ್, ಕೆಂಪ ಕಾರ್ ಅಂತಿದ್ರಲ್ರೀ. ಇದು ನೀಲಿ ಐತಿ” ಎಂದಳು. ನೀಲಿಯೇ. ಬಾಗಿಲಿನ ಸಂದು, ಡಿಕ್ಕಿಯ ಒಳಭಾಗ, ಕಾರ್ಪೆಟ್ಟಿನ ಅಡಿ ಎಲ್ಲ ಕಡೆ ಕೆದಕಿ ನೋಡಿದೆ, ಹುಟ್ಟಾ ನೀಲಿ. ಇಡೀ ಕಾರಿನ ಬಣ್ಣವನ್ನೇ ತಪ್ಪಾಗಿ ನೆನಪಿಟ್ಟುಕೊಂಡವನು, ಚಕ್ರದ ಅಂಚು ಎಲ್ಲಿತ್ತು ಎಂದು ಹೇಳಿದರೆ ಅದನ್ನು ನಂಬಲು ನಾನೇ ಸಿದ್ಧನಿರಲಿಲ್ಲ.

ಸಾಕ್ಷಿಗಳನ್ನು ವಿಚಾರಿಸಿದೆ. ಅತ್ತೆ, ಅಂದರೆ ಮಾಮನ ಹೆಂಡತಿ, “ದುಂಡಗಿತ್ತಪ್ಪ” ಎಂದರು. ಮಾಮ, “ಟಿಪ್ ಟಾಪಾಗಿತ್ತು, ಎಲ್ಲೂ ಟಚ್ ಆಗ್ತಿರ್ಲಿಲ್ಲ” ಎಂದರು. ಅವರ ಷೋಕೇಸಿನಲ್ಲಿರುವ ಒಂದೇ ಒಂದು ಫೋಟೊದಲ್ಲಿ ನೆಂಟರಿಷ್ಟರೆಲ್ಲ ಕಾರನ್ನು ಮುತ್ತಿಗೆ ಹಾಕಿದ್ದಾರೆ. ಚಕ್ರವಿರಬೇಕಾದ ಜಾಗದಲ್ಲಿ ಅತ್ತೆಯ ಸೀರೆಯ ನೆರಿಗೆಗಳಿವೆ.

ಇಷ್ಟರಲ್ಲಿ ನಾನು ಚಕ್ರಶಾಸ್ತ್ರದ ಅಧ್ಯಯನಕ್ಕೆ ತೊಡಗಿದ್ದೆ. ಟಯರಿನ ಮೈಮೇಲಿನ ಅಂಕಿಗಳು ಅಷ್ಟೇನೂ ಗಹನವಲ್ಲ: ಇನ್ನೂರ ಐದು, ನಲವತ್ತೈದು, ಹದಿನಾರು ಎಂದಿದ್ದರೆ ಮೊದಲನೆಯದು ಅಗಲ, ಎರಡನೆಯದು ಆ ಅಗಲಕ್ಕೆ ನೂರಕ್ಕೆಷ್ಟು ಎತ್ತರ, ಮೂರನೆಯದು ಒಳಗೆ ಕೂರುವ ಚಕ್ರದ ಇಂಚು. ಹದಿನೈದು ಇಂಚಿನ ಚಕ್ರ ತೆಗೆದು ಹದಿನಾರರದ್ದು ಹಾಕಿದರೆ ಟಯರಿನ ಎತ್ತರವನ್ನು ಅಷ್ಟರಮಟ್ಟಿಗೆ ತಗ್ಗಿಸಬೇಕು. ಇಲ್ಲದಿದ್ದರೆ ಒಟ್ಟು ವ್ಯಾಸ ಬದಲಾಗಿ ಸ್ಪೀಡೋಮೀಟರು ಸುಳ್ಳು ಹೇಳತೊಡಗುತ್ತದೆ. ನಿದ್ದೆಗೆಡಿಸುವುದು ಆಫ್‌ಸೆಟ್ಟು. ಚಕ್ರವನ್ನು ಒಂದು ಅಗಲವಾದ ಬಳೆ ಎಂದುಕೊಳ್ಳಿ. ಆ ಬಳೆಯನ್ನು ಗಾಡಿಗೆ ಬೋಲ್ಟು ಹಾಕಿ ಬಿಗಿಯುವ ಒಂದು ತಟ್ಟೆ ಅದರೊಳಗಿದೆ. ತಟ್ಟೆ ಬಳೆಯ ನಟ್ಟನಡುವಿನಿಂದ ಎಷ್ಟು ಮಿಲಿಮೀಟರು ಹೊರಮುಖಕ್ಕೆ ಸರಿದಿದೆ ಎಂಬುದೇ ಆಫ್‌ಸೆಟ್ಟು. ಅಂಕಿ ಹೆಚ್ಚಿದಷ್ಟೂ ಚಕ್ರ ಒಳಗೆ ಹೋಗುತ್ತದೆ, ಕಡಿಮೆಯಾದಷ್ಟೂ ಹೊರಗೆ ಬರುತ್ತದೆ. ಹೊರಗೆ ಬಂದಷ್ಟೂ ಗಾಡಿಗೆ ಗತ್ತು. ಜೊತೆಗೆ ಮಡ್‌ಗಾರ್ಡಿಗೆ ಕುತ್ತು. ನನ್ನ ಮುಂದೆ ಎರಡು ಆಯ್ಕೆಗಳಿದ್ದವು, ಎರಡೂ ಏಳು ಇಂಚು ಅಗಲದವು: ನಲವತ್ತೆರಡರ ಆಫ್‌ಸೆಟ್ಟಿನ ಸಭ್ಯ ಚಕ್ರ, ಮೂವತ್ತೈದರ ಠೀವಿಯ ಚಕ್ರ. ಏಳು ಮಿಲಿಮೀಟರಿನ ವ್ಯತ್ಯಾಸ. ಅಷ್ಟು ಅಂತರದಲ್ಲಿ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಶತಪಥ ತಿರುಗುತ್ತಿದ್ದೆ.

ಶಿವಾಜಿನಗರದಲ್ಲಿ ಚಕ್ರದ ಅಂಗಡಿಗಳ ಸಾಲೇ ಇದೆ. ನಾನು ಹೋದ ಅಂಗಡಿಯ ಯಜಮಾನರು ಆತ್ಮವಿಶ್ವಾಸದ ಗಣಿ. ನಾನು ಹಾಳೆ ತುಂಬ ಬರೆದು ತಂದಿದ್ದ ಲೆಕ್ಕಾಚಾರವನ್ನು ಅವರು ಗೌರವದಿಂದ ಪಕ್ಕಕ್ಕಿಟ್ಟು, ಅದರ ಮೇಲೆ ಚಹಾದ ಲೋಟ ಇಟ್ಟರು.

“ಶೋಗಾ ಸಾರ್, ರೋಡ್‌ಗಾ?”

“ಎರಡಕ್ಕೂ” ಎಂದೆ.

“ಎರಡಕ್ಕೂ ಆಗಲ್ಲ ಸಾರ್. ಒಂದು ಹೇಳಿ.”

“ಹಳೇದು ಹೇಗಿತ್ತೋ ಹಾಗೆ ಬೇಕು.”

“ಹಳೇದು ಹೆಂಗಿತ್ತು?”

“ಹೊರಗಿತ್ತು ಅಂತ ನೆನಪು. ಆದ್ರೆ ಅದನ್ನ ನಂಬೋ ಹಾಗಿಲ್ಲ.”

ಅವರು ನನ್ನನ್ನು ದೀರ್ಘವಾಗಿ ನೋಡಿದರು. “ಅರೆ ಸಾರ್, ನೆನಪು ನಿಮ್ದು, ಗಾಡಿ ನಿಮ್ದು. ನೀವೇ ನಂಬಿಲ್ಲ ಅಂದ್ರೆ ನಾನು ಹೆಂಗೆ ನಂಬ್ಲಿ? ಮೂವತ್ತೈದು ಹಾಕ್ಸಿ. ಟಚ್ ಆಗಲ್ಲ, ಗ್ಯಾರಂಟಿ.”

ಗ್ಯಾರಂಟಿ ಎಂಬ ಪದ ಸಂದೇಹವಾದಿಯ ಕಿವಿಗೆ ಗಂಟೆಯಂತೆ ಬಡಿಯಬೇಕಿತ್ತು. ಬಡಿಯಲಿಲ್ಲ, ಯಾಕೆಂದರೆ ನನಗೂ ಅದೇ ಬೇಕಿತ್ತು. ನಾಲ್ಕೂ ಚಕ್ರ ಕೂರಿಸಿ ಗಾಡಿಯನ್ನು ನೆಲಕ್ಕಿಳಿಸಿದಾಗ, ಅಯ್ಯೋ, ನನ್ನ ಯೌವನವೇ ಎದುರು ಬಂದು ನಿಂತಂತಾಯಿತು. ಸ್ಟಿಯರಿಂಗನ್ನು ಆ ಕಡೆ ಈ ಕಡೆ ಕೊನೆಯವರೆಗೆ ತಿರುಗಿಸಿದೆವು. ಇಂದಿರಾನಗರದವರೆಗೆ ಓಡಿಸಿ ಬಂದೆ. ಎಲ್ಲೂ ಉಜ್ಜಲಿಲ್ಲ. ಒಂದು ಕ್ಷುಲ್ಲಕ ಸಂಗತಿ ಮಾತ್ರ ನನ್ನ ಪರೀಕ್ಷೆಯಿಂದ ಹೊರಗುಳಿದಿತ್ತು: ಗಾಡಿಯಲ್ಲಿ ಇದ್ದದ್ದು ನಾನೊಬ್ಬನೇ.

ಹಬ್ಬದ ಬೆಳಿಗ್ಗೆ ಗಾಡಿಯನ್ನು ಮಾಮನ ಮನೆ ಮುಂದೆ ನಿಲ್ಲಿಸಿದೆ. ಅವರು ಅದಕ್ಕೆ ಒಂದು ಸುತ್ತು ಬಂದರು. ಅತ್ತೆ ಪೂಜೆಗಿಳಿದರು. ಅತ್ತೆ ವಾಹನಪೂಜೆಯಲ್ಲಿ ಜಿಪುಣತನ ಮಾಡುವವರಲ್ಲ. ಬಾನೆಟ್ಟಿಗೆ ಒಂದು ಬೊಟ್ಟಿಟ್ಟು ಮುಗಿಸುವ ಇಂದಿನವರ ಪದ್ಧತಿ ಅವರಿಗೆ ಸಮ್ಮತವಿಲ್ಲ; ಓಡುವುದು ಚಕ್ರ, ಹಾಗಾಗಿ ಪೂಜೆ ಚಕ್ರಕ್ಕೆ ಎಂಬುದು ಅವರ ಸಿದ್ಧಾಂತ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಟಯರುಗಳ ಮೈಗೆ, ಮೇಲಿನ ಭುಜದವರೆಗೆ ಧಾರಾಳವಾಗಿ ಬಳಿದರು. ನಿಂಬೆಹಣ್ಣುಗಳನ್ನಿಟ್ಟರು, ನನ್ನ ಅಗಲ ಟಯರುಗಳ ಕೆಳಗಿನಿಂದ ಅವುಗಳಲ್ಲಿ ಒಂದಕ್ಕೂ ಪಾರಾಗುವ ಅವಕಾಶ ಸಿಗಲಿಲ್ಲ. ಮಾಮ ಮುಂದೆ ನನ್ನ ಪಕ್ಕದಲ್ಲಿ ಕೂತರು. ಅತ್ತೆ ಹಿಂದಿನ ಸೀಟಿಗೆ ನುಸುಳಿ, ಪುರಿ-ಕಡಲೆಯ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. “ಸಣ್ಣಗಾಗಿದೆ ಕಣೋ ಸೀಟು, ಆಗ ದೊಡ್ಡದಿತ್ತು” ಎಂದರು. ಇನ್ನೊಬ್ಬರ ನೆನಪೂ ನನ್ನದರಷ್ಟೇ ಭದ್ರವಾಗಿದೆಯೆಂದು ಸ್ವಲ್ಪ ಸಮಾಧಾನವಾಯಿತು.

ಕೆರೆಯ ಪಕ್ಕ ಗಾಡಿ ರೇಷ್ಮೆಯಂತೆ ಸಾಗಿತು. ಮಾಮ ಕಿಟಕಿಗೆ ಮೊಣಕೈ ಕೊಟ್ಟು ಕಣ್ಣು ಕಿರಿದಾಗಿಸಿ ಕೂತಿದ್ದರು. ಕೀಲಿ ನನ್ನ ಜೇಬಿಗೆ ಅರ್ಧ ಬಂದಿದೆ ಎನ್ನಿಸಿತು. ಮರ್ಫಿ ಟೌನಿನ ಒಂದು ಹಂಪು ಹತ್ತಿ ಇಳಿಯುವಾಗ ಹಿಂದಿನಿಂದ ಸದ್ದು ಬಂತು: ಜರ್ರ್.

ಮಾಮ ತಲೆ ತಿರುಗಿಸಿದರು. “ಏನದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅತ್ತೆ, “ಡಬ್ಬಿ ರೀ. ಜರುಗ್ತು” ಎಂದರು.

ಇನ್ನೊಂದು ಹಂಪು. ಜರ್ರ್.

“ಎಷ್ಟು ಸಲ ಜರುಗತ್ತೆ ಅದು?”

“ಹಂಪ್ ಎಷ್ಟಿದ್ಯೋ ಅಷ್ಟು. ನೀವು ಮುಂದೆ ನೋಡಿ.”

ಅಲ್ಲಿಂದ ನೇರವಾಗಿ ಮನೆಯ ದಾರಿ ಹಿಡಿದೆ. ನನ್ನ ಮನಸ್ಸಿನಲ್ಲಿ ಬಾಣಸವಾಡಿಯವನು ಆಗಲೇ ಬಂದು ಕೀಲಿ ತೆಗೆದುಕೊಂಡು ಹೋಗುತ್ತಿದ್ದ. ಮಾಮ ಇಳಿದವರೇ ನೇರವಾಗಿ ಹಿಂದಿನ ಎಡಚಕ್ರದ ಬಳಿ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ನಾನೂ ಬಗ್ಗಿದೆ. ಮಡ್‌ಗಾರ್ಡಿನ ಅಂಚಿನ ಒಳಭಾಗದಲ್ಲಿ, ಹಿಂದಿನ ಭಾರಕ್ಕೆ ಗಾಡಿ ತಗ್ಗಿ ಟಯರಿನ ಭುಜ ಉಜ್ಜಿದ ಜಾಗದಲ್ಲಿ, ಅತ್ತೆಯ ಕುಂಕುಮ ಬೆರಳುದ್ದದ ಕೆಂಪು ಗೆರೆಯಾಗಿ ಮೂಡಿತ್ತು. ಯಾವ ಪ್ರಯೋಗಾಲಯವೂ ಇಷ್ಟು ಸ್ಪಷ್ಟವಾದ ವರದಿ ಕೊಡಲಾರದು. ವಾದಕ್ಕೆ ಎಡೆಯೇ ಇರಲಿಲ್ಲ.

ಆಗ ಮಾಮ ಒಂದು ಕೆಲಸ ಮಾಡಿದರು. ಬೀದಿಯ ಕಡೆಗೆ ಮುಖ ಮಾಡಿಕೊಂಡೇ, ಅಂಚಿನೊಳಗೆ ಕೈ ತೂರಿಸಿ, ಪಂಚೆಯ ತುದಿಯಿಂದ ಆ ಗೆರೆಯನ್ನು ಒರೆಸಿಬಿಟ್ಟರು. ಕೈ ತಡಕಾಡಲಿಲ್ಲ. ಕತ್ತಲಲ್ಲಿ ತಮ್ಮ ಮನೆಯ ಸ್ವಿಚ್ಚು ಒತ್ತುವವರ ಹಾಗೆ ನೇರವಾಗಿ ಆ ಜಾಗಕ್ಕೇ ಹೋಯಿತು.

ಅತ್ತೆ ಇನ್ನೂ ಹಿಂದಿನ ಸೀಟಿನಿಂದ ಹೊರಬರುವ ಪ್ರಯತ್ನದಲ್ಲಿದ್ದರು. ಅಲ್ಲಿಂದಲೇ, “ಯಾವಾಗ್ಲೂ ಅಲ್ಲೇ ಅಲ್ವೇನ್ರೀ ಒರಸ್ತಿದ್ದಿದ್ದು?” ಎಂದರು.

ಮಾಮ ಮುಖ ಮೇಲೆತ್ತಿದರು. “ನಿಂಗೊತ್ತಿತ್ತಾ?”

“ನಿಮ್ ಪಂಚೆ ಒಗೀತಿದ್ದೋಳು ನಾನೇ ತಾನೇ? ಪ್ರತಿ ಹಬ್ಬಕ್ಕೂ ಅದೇ ಜಾಗದಲ್ಲಿ ಕೆಂಪು. ನಿಮ್ಮಮ್ಮ ಮುಂದೆ, ನಾನು, ಇವ್ನು ಹಿಂದೆ. ಹಂಪ್ ಬಂದಾಗೆಲ್ಲ ಜರ್ರ್. ನಿಮ್ ಗಾಡಿ ಮರ್ಯಾದೆ ಯಾಕೆ ತೆಗೀಬೇಕು ಅಂತ ಸುಮ್ನಿದ್ದೆ.”

ಮಾಮ ಪಂಚೆಯ ತುದಿಯನ್ನು ನೋಡಿಕೊಂಡರು. ಒಮ್ಮೆ ಕೆಮ್ಮಿದರು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ನಾಲ್ಕೂ ಚಕ್ರಗಳನ್ನು ಹೊಸದಾಗಿ ನೋಡುವವರಂತೆ ನೋಡಿ, “ಹಂಗಾದ್ರೆ ಸರಿಯಾಗೇ ಇದೆ ಬಿಡು. ಆಗ್ಲೂ ಹಿಂಗೇ ಇತ್ತು. ಕೀ ನೀನೇ ಇಟ್ಕೋ” ಎಂದರು.

ಗಾಡಿ ಮೊದಲು ಹೇಗಿತ್ತೋ ಹಾಗೆಯೇ ಇತ್ತು, ದೋಷಸಮೇತ. ನಾನು ಆ ಪಂಚೆಯ ಕೆಂಪು ಅಂಚನ್ನೇ ನೋಡುತ್ತಿದ್ದೆ. ಎಂ.ಎ. ವಿದ್ಯಾರ್ಥಿಯೊಬ್ಬ ಹಬ್ಬದ ದಿನ ಈ ಕಾರಿನ ಹಿಂದಿನಿಂದ ಇಳಿದು, ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತ ಮಾಮನ ಕೈಯಲ್ಲಿ ಇದೇ ಕೆಂಪನ್ನು ಕಂಡಿದ್ದ. ಬೆರಳುದ್ದದ ಆ ಕೆಂಪು ವರ್ಷ ಕಳೆದಂತೆ ಮೆಲ್ಲಗೆ ಹರಡಿ, ಮಡ್‌ಗಾರ್ಡು ದಾಟಿ, ಬಾಗಿಲು ದಾಟಿ, ಇಡೀ ಕಾರಿಗೆ ಬಳಿದುಕೊಂಡಿತ್ತು. ನನ್ನ ನೆನಪು ಸುಳ್ಳನ್ನೇನೂ ಹೇಳಿರಲಿಲ್ಲ. ಇದ್ದ ಜಾಗಕ್ಕಿಂತ ಸ್ವಲ್ಪ ಹೊರಗೆ ಸರಿದು ಕೂತಿತ್ತು, ಅಷ್ಟೆ. ಅದಕ್ಕೂ ಒಂದು ಆಫ್‌ಸೆಟ್ಟು ಇರುತ್ತದೆಂದು ತಿಳಿದ ಮೇಲೆ ಅದರ ಜೊತೆ ಬದುಕುವುದು ಕಷ್ಟವಲ್ಲ. ಈ ದೃಶ್ಯವನ್ನೂ ನಾನು ಪಂಚೆ ನೋಡಿದ ಮೇಲೆ ಕಲ್ಪಿಸಿಕೊಂಡಿರಬಹುದು ಎಂಬ ಅನುಮಾನ ಇದ್ದೇ ಇದೆ. ಹೆಂಡತಿಗೆ ಎಲ್ಲವನ್ನೂ ವಿವರಿಸಿದಾಗ ಅವಳು, “ಅಂದ್ರ ನೀವ್ ಅಂದಿದ್ದೂ ಖರೆ, ನಾ ಅಂದಿದ್ದೂ ಖರೆ. ಊಟಕ್ಕ ಏಳ್ರಿ” ಎಂದು ತೀರ್ಪು ಕೊಟ್ಟಳು.

ಚಕ್ರಗಳನ್ನು ಬದಲಾಯಿಸಲಿಲ್ಲ. ಸಭ್ಯವಾದ ನಲವತ್ತೆರಡಕ್ಕೆ ಹೋಗಿದ್ದರೆ ತೊಂದರೆಯೇ ಇರುತ್ತಿರಲಿಲ್ಲ, ನಿಜ. ಆದರೆ ಅತ್ತೆ ಅದಕ್ಕಿಂತ ಸುಲಭವಾದ ಪರಿಹಾರ ಸೂಚಿಸಿದರು: ಅವರು ಮುಂದೆ, ಕಡ್ಡಿಯಂತಿರುವ ಮಾಮ ಹಿಂದೆ. ಈಗ ಭಾನುವಾರಗಳಂದು ಹಾಗೆಯೇ ಹೋಗುತ್ತೇವೆ. ಅತ್ತೆ ಕಿಟಕಿಗೆ ಮೊಣಕೈ ಕೊಟ್ಟು ಕೆರೆ ನೋಡುತ್ತಾರೆ. ಮಾಮ ಹಿಂದೆ ಮೊಣಕಾಲುಗಳನ್ನು ಗಲ್ಲಕ್ಕೆ ತಾಗಿಸಿ ಕೂತು, ಸೀಟು ನಿಜವಾಗಿಯೂ ಸಣ್ಣಗಾಗಿದೆ ಎಂದು ಒಪ್ಪಿಕೊಂಡಿದ್ದಾರೆ.

ಹಲಸೂರಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ನಾನು ಈಗಲೂ ಪಕ್ಕದ ಗಾಡಿಯ ಚಕ್ರವನ್ನೇ ನೋಡುತ್ತೇನೆ. ಚಕ್ರ ಎಷ್ಟು ಹೊರಗಿದೆ ಎಂದು ಅಳೆಯುವುದನ್ನು ಬಿಟ್ಟಿದ್ದೇನೆ. ಕತ್ತು ಇನ್ನೂ ಸ್ವಲ್ಪ ಬಗ್ಗಿಸಿ, ಮಡ್‌ಗಾರ್ಡಿನ ಒಳಅಂಚಿನಲ್ಲಿ ಒಂದು ಕೆಂಪು ಗೆರೆಯೇನಾದರೂ ಇದೆಯೇ ಎಂದು ಹುಡುಕುತ್ತೇನೆ. ಕಂಡರೆ ತಲೆಯೆತ್ತಿ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆಂದು ನೋಡುತ್ತೇನೆ. ಹೀಗಾಗಿ ಜನರ ಮುಖ ನೋಡುವ ಅಭ್ಯಾಸ ಮೆಲ್ಲಗೆ ಮರಳಿ ಬರುತ್ತಿದೆ.