ಹಸುವಿನ ಹೆಸರು ಕೇಳಿ

ದೊಡ್ಡಆಲಹಳ್ಳಿಯಿಂದ ಎರಡು ಮೈಲಿ ಒಳಗಿರುವ ನಮ್ಮೂರಿನಲ್ಲಿ, ಹಾಲು ಹಾಕಲು ಡೇರಿಗೆ ಹೋದವರು ದೇವರಾಜು ಓದುವ ಸುದ್ದಿ ಕೇಳದೆ ವಾಪಸು ಬರುವಂತಿರಲಿಲ್ಲ. ಅವನು ಅಲ್ಲಿ ಹಾಲು ಪರೀಕ್ಷೆ ಮಾಡುವವನು. ಒಂದು ಕೈಯಲ್ಲಿ ಹಾಲಿನ ಸ್ಯಾಂಪಲ್, ಇನ್ನೊಂದು ಕೈಯಲ್ಲಿ ಫೋನು. ಕೊರಿಯರ್ ಬಂದಿದೆ ಎಂದು ಎಲ್ಲಿ ಯಾರಿಗೆ ಟೋಪಿ ಹಾಕಿದರು, ಮೊಬೈಲಿಗೆ ಬಂದ ಮದುವೆ ಕರೆಯೋಲೆ ತೆರೆದದ್ದಕ್ಕೆ ಯಾರ ಬ್ಯಾಂಕ್ ಖಾತೆ ಬರಿದಾಯಿತು, ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ಹೇಗೆ ಹೆದರಿಸುತ್ತಾರೆ, ಎಲ್ಲವನ್ನೂ ದಿನಾ ಓದಿ ಹೇಳುತ್ತಿದ್ದ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ನನಗೆ ಮೈ ಉರಿಯುತ್ತಿತ್ತು.

"ಲೇ, ಹಾಲು ಒಡೆದೋಯ್ತದೆ, ಮೊದ್ಲು ಡಿಗ್ರಿ ನೋಡ್ಲಾ" ಎನ್ನುತ್ತಿದ್ದೆ.

"ಹಾಲು ಒಡೆದ್ರೆ ನಾಳಿಕ್ ಕರ್ಕೋಬೋದು ಬೈರಪ್ಪಣ್ಣ. ಮನೆ ಒಡೆದ್ರೆ ಏನ್ ಮಾಡೀಯೆ?" ಎನ್ನುತ್ತಿದ್ದ.

ಅವನು ಸುಮ್ಮನೆ ಶೋಕಿಗೆ ಹೀಗೆ ಮಾಡುತ್ತಿರಲಿಲ್ಲ. ಕನಕಪುರದ ಸೈಬರ್ ಸೆಂಟರಿನಲ್ಲಿ ಎಂಟು ವರ್ಷ ಕೂತು ಊರವರ ಅರ್ಜಿಗಳನ್ನೆಲ್ಲ ತುಂಬಿದವನು. ಅಂಥವನ ತಾಯಿ ಮುನಿರತ್ನಮ್ಮನಿಗೇ ಯಾರೋ ಫೋನ್ ಮಾಡಿ, ಪಿಂಚಣಿ ನಿಲ್ಲುತ್ತದೆ ಎಂದು ಹೆದರಿಸಿ, ಮೊಬೈಲಿಗೆ ಬಂದ ನಂಬರು ಹೇಳಿಸಿಕೊಂಡರು. ಹೋದದ್ದು ದೊಡ್ಡ ಮೊತ್ತವೇನಲ್ಲ. ಆದರೆ ಮುದುಕಿ ನಾಚಿಕೆಗೆ ಜಗಲಿಗೆ ಬರುವುದನ್ನೇ ಬಿಟ್ಟಳು, ಆರು ತಿಂಗಳಲ್ಲಿ ತೀರಿಕೊಂಡಳು. ಎಲ್ಲ ಗೊತ್ತಿದ್ದ ತಾನು ಅವ್ವನಿಗೆ ಒಂದು ಮಾತು ಹೇಳಲಿಲ್ಲವಲ್ಲ ಎಂಬ ಸಂಕಟ ಅವನದು. ಅಂದಿನಿಂದ ಊರಿಗೆಲ್ಲ ಹೇಳತೊಡಗಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು, ನಮಗೆ ಅದು ಬೇಕೂ ಆಗಿತ್ತು.

ಹೋದ ವರ್ಷ ಅವನು ಹೊಸ ಸುದ್ದಿಯೊಂದನ್ನು ಓದಿದ. ಈಗ ಕಳ್ಳರು ಮಕ್ಕಳ ಧ್ವನಿಯನ್ನೇ ಕಂಪ್ಯೂಟರಿನಲ್ಲಿ ಮಾಡಿ, ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಯಲ್ಲಿದ್ದೇನೆ ಎಂದು ಅಳುತ್ತಾರಂತೆ. ಅದಕ್ಕೆ ಪ್ರತಿ ಮನೆಯಲ್ಲೂ ಒಂದು ಗುಟ್ಟಿನ ಮಾತು ಇರಬೇಕಂತೆ, ಫೋನ್ ಮಾಡಿದವರು ಅದನ್ನು ಹೇಳಿದರೆ ಮಾತ್ರ ನಂಬಬೇಕಂತೆ. ನಮ್ಮ ಹೆಂಗಸರು ಗುಟ್ಟಿನ ಮಾತನ್ನು ಎಲ್ಲಿ ನೆನಪಿಟ್ಟುಕೊಂಡಾರು? ದೇವರಾಜುವೇ ದಾರಿ ಹುಡುಕಿದ. "ನಿಮ್ಮನೆ ಹಸಿನ ಹೆಸರು ಕೇಳಿ. ನಿಮ್ಮೋರಾದ್ರೆ ಯೋಳ್ತಾರೆ. ಕಳ್ಳನಿಗೆ ಎಲ್ಲಿ ಗೊತ್ತಾದಾತು?"

ಆ ಮಾತು ನಮಗೆಲ್ಲ ಹಿಡಿಸಿತು. ಮನೆಯ ರೇಷನ್ ಕಾರ್ಡ್ ಎಲ್ಲಿದೆ ಎಂದು ಗೊತ್ತಿಲ್ಲದವರಿಗೂ ಹಸುವಿನ ಹೆಸರು ಮರೆಯುವುದಿಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ಅದನ್ನು ಹಿಡಿದುಕೊಂಡವಳು ಚಿಕ್ಕಲಕ್ಷ್ಮಮ್ಮ. ಗಂಡ ಇಲ್ಲ. ಇರುವವಳು ಒಬ್ಬಳೇ ಮಗಳು, ಭಾನುಪ್ರಿಯ. ಹಾರೋಹಳ್ಳಿಯ ಫ್ಯಾಕ್ಟರಿಗೆ ದಿನಾ ವ್ಯಾನಿನಲ್ಲಿ ಹೋಗಿ ಬರುತ್ತಿದ್ದಳು. ಅವರ ಹಸುವಿನ ಹೆಸರು ಕೆಂಪಿ. ಮಗಳನ್ನು ಕೂರಿಸಿಕೊಂಡು, "ನಾನು ಕೇಳಿದ್ರೆ ಕೆಂಪಿ ಅನ್ನು" ಎಂದು ಮಗುವಿಗೆ ಪಾಠ ಹೇಳಿದ ಹಾಗೆ ಹೇಳಿಕೊಟ್ಟಿದ್ದಳು.

ಕಾರ್ತೀಕದ ಒಂದು ಬೆಳಗ್ಗೆ, ಹಾಲಿನ ವಾಹನ ಹೋದ ಮೇಲೆ, ದೇವರಾಜು ಡೇರಿ ತೊಳೆಯುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಚಿಕ್ಕಲಕ್ಷ್ಮಮ್ಮ ಫೋನು ಹಿಡಿದು ಬಂದಳು.

"ದೇವರಾಜು, ನೀ ಯೋಳಿದ್ಯಲ್ಲಪ್ಪ, ಅಂಗೇ ಆಯ್ತು ಕಣಪ್ಪ. ಯಾವಳೋ ಕನಕಪುರದ ಆಸ್ಪತ್ರೆ ನರ್ಸಂತೆ. ನಿಮ್ಮ ಮಗಳಿಗೆ ಆಕ್ಸಿಡೆಂಟ್ ಆಗೈತೆ ಬನ್ನಿ ಅಂದ್ಲು. ನಮ್ಮನೆ ಹಸಿನ ಹೆಸರು ಯೋಳು ಅಂದೆ. ತಮಾಷೆ ಮಾಡ್ತೀರಾ ಅಂತ ರೇಗುದ್ಲು. ಕಟ್ ಮಾಡ್ದೆ. ತಿರ್ಗಾ ಮಾಡ್ತಾನೇ ಅವ್ಳೆ."

"ದುಡ್ಡು ಕೇಳುದ್ಲಾ ಅಕ್ಕ?"

"ಇಲ್ಲ ಕಣಪ್ಪ. ಬನ್ನಿ ಬನ್ನಿ ಅಂತಾಳೆ."

ದೇವರಾಜು ಪೊರಕೆ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತ. ಆ ಒಂದು ಗಳಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಭಾನುಗೆ ಮಾಡ್ನೋಡ್ದಾ?" ಎಂದ.

"ರಿಂಗಾಯ್ತದೆ, ಎತ್ತಾಕಿಲ್ಲ."

"ಫ್ಯಾಕ್ಟ್ರಿ ಒಳಿಕ್ಕೋಗೋವಾಗ ಫೋನ್ ಈಸ್ಕೊಂಬುಡ್ತಾರಲ್ಲ" ಎಂದೆ ನಾನು. ಹಾಳು ಬಾಯಿ ನನ್ನದು.

"ಅದೂ ದಿಟ. ಮೊದ್ಲು ಹೆದರುಸ್ತಾರೆ ಅಕ್ಕ, ದುಡ್ಡು ಆಮೇಲೆ ಕೇಳ್ತಾರೆ" ಎಂದು ದೇವರಾಜು ಕೈ ಒರೆಸಿಕೊಂಡು ಫೋನು ಇಸಿದುಕೊಂಡ. ಆ ನಂಬರನ್ನು ಬ್ಲಾಕ್ ಮಾಡಿ ವಾಪಸು ಕೊಟ್ಟ. ಚಿಕ್ಕಲಕ್ಷ್ಮಮ್ಮ ನಿರಾಳವಾಗಿ ಹುಲ್ಲಿಗೆ ಹೋದಳು.

ಸಂಜೆ ಹಾಲಿಗೆ ಎಲ್ಲರೂ ಸೇರಿದಾಗ ದೇವರಾಜು ಅದನ್ನು ಸಾಲಿನವರಿಗೆಲ್ಲ ಹೇಳಿದ. "ಓದಿದೋರೇ ಮೋಸ ಹೋಯ್ತಾವ್ರೆ. ಈಯಕ್ಕ ಹೆಬ್ಬೆಟ್ಟು, ಕಳ್ಳಿನ ಓಡಿಸವ್ಳೆ" ಎಂದ. ನಾವು ಚಪ್ಪಾಳೆ ತಟ್ಟಿದೆವು. ಚಿಕ್ಕಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ವರ್ಷಗಳೇ ಆಗಿದ್ದವು.

ಅಷ್ಟರಲ್ಲಿ ಬೈಕಿನಲ್ಲಿ ಫ್ಯಾಕ್ಟರಿಯ ಸೂಪರ್‌ವೈಸರ್ ಅಕ್ರಮ್ ಬಂದ. ಅಂಗಿಯ ತೋಳಿನ ಮೇಲೆ ಒಣಗಿದ ರಕ್ತವಿತ್ತು. "ಭಾನುಪ್ರಿಯ ಅವರ ಮನೆ ಯಾವ್ದು?" ಎಂದು ಕೇಳಿದ. ಬೆಳಗ್ಗೆ ವ್ಯಾನು ಮಗುಚಿತ್ತು. ಏಳು ಜನರನ್ನು ಆಸ್ಪತ್ರೆಗಳಿಗೆ ಸೇರಿಸಿ, ಒಬ್ಬರ ಮನೆಗೆ ಮಾತ್ರ ಫೋನ್ ಸಿಗುತ್ತಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಅವನು ಹುಡುಕಿಕೊಂಡು ಬಂದಿದ್ದ.

ನಾವು ಕನಕಪುರ ಮುಟ್ಟುವ ಹೊತ್ತಿಗೆ ಹುಡುಗಿಯ ಮುಖದ ಮೇಲೆ ಬಟ್ಟೆ ಎಳೆದಿದ್ದರು. ರಮ್ಯಾ ಎಂಬ ನರ್ಸು ಚಿಕ್ಕಲಕ್ಷ್ಮಮ್ಮನ ಕೈ ಹಿಡಿದುಕೊಂಡಳು.

"ಮೂರು ಗಂಟೆಗೆ ಎಚ್ಚರ ಆಗಿತ್ತಮ್ಮ. ನಮ್ಮಮ್ಮ ಎಲ್ಲಿ ಅಂದ್ಲು. ಫೋನ್ ಮಾಡಿದ್ರೆ ಹಸು ಹೆಸರು ಕೇಳ್ತಾರಮ್ಮ ಅಂದೆ. ಅಷ್ಟು ನೋವಲ್ಲೂ ಒಂಚೂರು ನಕ್ಕಳು. 'ಕೆಂಪಿ ಅನ್ನಿ, ಬತ್ತಾಳೆ' ಅಂದ್ಲು. ಎಷ್ಟು ಸಲ ಮಾಡಿದ್ರೂ ನಿಮ್ಮ ಫೋನ್ ಸಿಗ್ಲೇ ಇಲ್ಲ."

ಚಿಕ್ಕಲಕ್ಷ್ಮಮ್ಮ ಅಳಲಿಲ್ಲ. "ಕೆಂಪಿ ಅಂದ್ಲಾ?" ಎಂದು ಕೇಳಿದಳು. ಇನ್ನೊಂದು ಸಲ ಅದನ್ನೇ ಕೇಳಿದಳು.

ದೇವರಾಜುವನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸುತ್ತದೆ, ಯಾಕೆಂದರೆ ಅದರಲ್ಲಿ ನನಗೂ ಒಂದು ಪಾಲು ಸಿಗುತ್ತಿತ್ತು. ಚಿಕ್ಕಲಕ್ಷ್ಮಮ್ಮ ಈಗಲೂ ಎರಡು ಹೊತ್ತು ಕೆಂಪಿಯ ಹಾಲು ತರುತ್ತಾಳೆ. ಅವನು ತಲೆ ಬಗ್ಗಿಸಿ ಅಳೆದುಕೊಳ್ಳುತ್ತಾನೆ.

ಡೇರಿಯಲ್ಲಿ ಈಗ ಸುದ್ದಿ ಓದುವವರಿಲ್ಲ. ಮೊನ್ನೆ ನಾನು ಸಾಲಿನಲ್ಲಿದ್ದಾಗ ದೇವರಾಜುವಿನ ಫೋನಿಗೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಕೈಯಲ್ಲಿದ್ದ ಹಾಲು ಚೆಲ್ಲಿದರೂ ಲೆಕ್ಕಿಸದೆ ಎತ್ತಿಕೊಂಡ. ಆ ಕಡೆಯವನು ಬ್ಯಾಂಕ್ ಕಾರ್ಡಿನ ನಂಬರು ಕೇಳುತ್ತಿದ್ದದ್ದು ನಮಗೆಲ್ಲ ಕೇಳಿಸುತ್ತಿತ್ತು. ದೇವರಾಜು ಕಟ್ ಮಾಡಲಿಲ್ಲ.

"ಅದಿರ್ಲಿ, ಯೋಳಿ ಸಾ, ಯಾರ್ಗೇನಾಗೈತೆ?" ಎಂದು ಕೇಳುತ್ತಲೇ ಇದ್ದ.